ಕೂಗಿದರೆ ಕೇಳುವ ಹೆಸರು

ನನ್ನ ನಾದಿನಿಗೆ ಇನ್ನೊಬ್ಬರ ಬಳಿ ಇರುವ ವಸ್ತು ಹಿಡಿಸುವುದಿಲ್ಲ. ಒಮ್ಮೆ ಪರದೆಗೆಂದು ಹಸಿರು ಬಟ್ಟೆ ಕೊಳ್ಳಲು ನನ್ನನ್ನೂ ಜೊತೆಗೆ ಕರೆದಿದ್ದಳು. ತನ್ನ ಕಿಟಕಿಗಳಿಗೆ ಆಗುವಷ್ಟನ್ನು ಅಳೆಸಿ, ಕತ್ತರಿಸಿ ಆದ ಮೇಲೆ, ಉಳಿದ ಬಟ್ಟೆಯನ್ನೇ ನೋಡುತ್ತ ನಿಂತಳು. ಆಮೇಲೆ ಅದನ್ನೂ ಕಟ್ಟಿಸಿಕೊಂಡಳು.

"ಇಷ್ಟೊಂದು ಯಾತಕ್ಕೆ?" ಎಂದೆ.

"ಎದುರು ಮನೆಯವಳ ಕಣ್ಣಿಗೆ ಬಿದ್ರೆ ನಾಳೆಯೇ ಬಂದು ಇದನ್ನೇ ತಗೋತಾಳೆ ಅತ್ತಿಗೆ. ಆಮೇಲೆ ನಮ್ಮನೆ ಕಿಟಕಿ ಯಾವುದು, ಅವಳ ಮನೆ ಕಿಟಕಿ ಯಾವುದು?"

ಉಳಿದ ಬಟ್ಟೆ ಅವಳ ಕಪಾಟಿನಲ್ಲಿ ಮಡಿಸಿಟ್ಟ ಹಾಗೆಯೇ ಇದೆ. ಆಗ ನಾನೂ ನನ್ನ ಗಂಡನೂ ಅದನ್ನು ಹೇಳಿಕೊಂಡು ನಕ್ಕಿದ್ದೆವು. ನಗುವ ಮಾತು ಮುಂದೆ ಕೆಲಸಕ್ಕೆ ಬರುತ್ತದೆ ಎಂದು ಗೊತ್ತಿರಲಿಲ್ಲ.

ನಾನು ವಿಶ್ವವಿದ್ಯಾಲಯದಲ್ಲಿ ಪರ್ಷಿಯನ್ ಓದಿದವಳು. ಅದನ್ನು ಓದಿ ಏನು ಮಾಡುತ್ತೀಯ ಎಂದು ಕೇಳದವರಿಲ್ಲ. ಕೊನೆಗೆ, ಹುಟ್ಟುವ ಮಕ್ಕಳಿಗೆ ಹೆಸರು ಹುಡುಕಿಕೊಡುವ ಒಂದು ವೆಬ್‌ಸೈಟಿನಲ್ಲಿ ಕೆಲಸ ಸಿಕ್ಕಿತು. ಒಂದೊಂದು ಹೆಸರಿಗೆ ಒಂದೊಂದು ಪುಟ. ಹೆಸರು ಎಲ್ಲಿಯದು, ಅರ್ಥವೇನು, ಎಷ್ಟು ಜನಪ್ರಿಯ. ಪರ್ಷಿಯನ್ ಹೆಸರುಗಳೆಲ್ಲ ನನ್ನ ಪಾಲಿಗೆ.

ನನ್ನ ಗಂಡ ಲಿಫ್ಟ್ ರಿಪೇರಿ ಮಾಡುತ್ತಿದ್ದರು. ಸಂಜೆ ಬಂದವರು ಬಚ್ಚಲಿನ ಬಾಗಿಲಲ್ಲಿ ನಿಂತು, ಬೆರಳ ಸಂದಿಯ ಗ್ರೀಸ್ ಉಜ್ಜುತ್ತ, "ಇವತ್ತಿನ ಮಾಲು ತೋರಿಸು" ಎನ್ನುತ್ತಿದ್ದರು. ಅಂದು ಬರೆದ ಹೆಸರುಗಳನ್ನು ನಾನು ಹೇಳಬೇಕು. ಮರುದಿನ ಅವರು ಅದರಲ್ಲಿ ಒಂದೆರಡನ್ನು, ಲಿಫ್ಟ್ ಓಡಾಡುವ ಆ ಬಾವಿಯಂಥ ಕತ್ತಲೆಗೆ ತಲೆ ಹಾಕಿ, ಕೂಗಿ ನೋಡಿ ಬರುತ್ತಿದ್ದರು.

"ಅರ್ಥ ಇದ್ರೆ ಸಾಲದು ಕಣೇ. ಮಗು ಕೆಳಗಡೆ ಆಡ್ತಿರುತ್ತೆ, ನೀನು ಮೇಲಿಂದ ಕರೀತೀಯ. ಕೇಳಿಸ್ಬೇಕು. ನಿನ್ನೆ ಕೊಟ್ಯಲ್ಲ ಶಬ್ನಮ್, ಎರಡು ಮಹಡಿ ಇಳಿಯೋದ್ರೊಳಗೆ ಕರಗಿಹೋಯ್ತು."

"ಅದರ ಅರ್ಥ ಇಬ್ಬನಿ."

"ಮತ್ತೆ! ಅದಕ್ಕೇ."

ಗುಲ್ನಾರ್ ಕರಗಲಿಲ್ಲ. ಅದನ್ನು ಕೂಗಿ ಬಂದ ದಿನ ಅವರು ಕೈ ತೊಳೆಯುವುದನ್ನೂ ಮರೆತರು. "ಗುಲ್ ಅಂತ ತಳಕ್ಕೆ ಹೋಗಿ ಕೂರುತ್ತೆ, ನಾರ್ ಅಂತ ವಾಪಸ್ ಬರುತ್ತೆ. ಕೆಳಗಿದ್ದ ವಾಚ್‌ಮ್ಯಾನ್ ಬಂದು ಯಾರನ್ನ ಕರೆದ್ರಿ ಅಂತ ಕೇಳಿದ. ಇದೇ ಇರ್ಲಿ."

ಆಗ ನನಗೆ ಐದು ತಿಂಗಳಾಗಿತ್ತು. ಗುಲ್ ಎಂದರೆ ಹೂವು, ಅನಾರ್ ಎಂದರೆ ದಾಳಿಂಬೆ. ದಾಳಿಂಬೆಯ ಹೂವು. ಓದಿದ ಹೆಮ್ಮೆಗೆ ಇನ್ನೊಂದು ಮಾತನ್ನೂ ಸೇರಿಸಿದೆ: ಹಳೆಯ ಔಷಧದ ಗ್ರಂಥಗಳಲ್ಲಿ ಕಾಯಿ ಕಟ್ಟದ ದಾಳಿಂಬೆ ಗಿಡದ ಹೂವಿಗೂ ಇದೇ ಹೆಸರು.

"ಹೂವು ಬಿಟ್ರೆ ಸಾಕು. ಕಾಯಿ ಯಾರಿಗೆ ಬೇಕು," ಎಂದರು.

ಆ ಭಾನುವಾರ ಅತ್ತೆಯವರ ಮನೆಯಲ್ಲಿ ಊಟಕ್ಕೆ ಕೂತಾಗ ಎಲ್ಲರ ಮುಂದೆ ಹೇಳಿಯೂ ಬಿಟ್ಟರು. ನಾದಿನಿಯೂ ಆಗಷ್ಟೇ ಬಸುರಿ. ತಟ್ಟೆಯಿಂದ ತಲೆ ಎತ್ತಿ, "ಅದೇನು ಹೆಸರೋ ಅಣ್ಣ, ಕೆಮ್ಮಿನ ಔಷಧಿ ಇದ್ದ ಹಾಗಿದೆ," ಎಂದಳು. ಎಲ್ಲರೂ ನಕ್ಕರು. ಅವರೂ ನಕ್ಕರು.

ಮುಂದಿನ ತಿಂಗಳು ಅವರು ಲಿಫ್ಟಿನ ತಳದ ಗುಂಡಿಯಲ್ಲಿ ಕೆಲಸ ಮಾಡುತ್ತಿದ್ದಾಗ ಮೇಲೆ ಯಾರೋ ಸ್ವಿಚ್ ಹಾಕಿದರು. ಅದರ ಬಗ್ಗೆ ಇಷ್ಟೇ ಬರೆಯುತ್ತೇನೆ. ಹೊಟ್ಟೆಯಲ್ಲಿದ್ದದ್ದೂ ನಿಲ್ಲಲಿಲ್ಲ. ಹೆಣ್ಣು ಎಂದು ಆಮೇಲೆ ಹೇಳಿದರು. ಕೇಳಿದವರು ಯಾರು ಎಂದು ನನಗೆ ನೆನಪಿಲ್ಲ.

ನಾದಿನಿಗೂ ಹೆಣ್ಣು ಹುಟ್ಟಿತು. ನಾನು ಫ್ಲಾಸ್ಕಿನಲ್ಲಿ ಬಿಸಿನೀರು ತೆಗೆದುಕೊಂಡು ಆಸ್ಪತ್ರೆಗೆ ಹೋದೆ. ತೊಟ್ಟಿಲಿಗೆ ಕಟ್ಟಿದ ಚೀಟಿಯಲ್ಲಿ ಗುಲ್ನಾರ್ ಎಂದಿತ್ತು. ನರ್ಸ್, "ಎಷ್ಟು ಚೆಂದದ ಹೆಸರು, ಎಲ್ಲೂ ಕೇಳಿಲ್ಲ," ಎನ್ನುತ್ತಿದ್ದಳು.

"ಕೇಳಿರೋಕೆ ಸಾಧ್ಯನೇ ಇಲ್ಲ," ಎಂದಳು ನಾದಿನಿ. "ನಾನೇ ಹುಡುಕಿದ್ದು. ಈ ಊರಲ್ಲಿ ಇರೋದೇ ಇದೊಂದು."

ಆಮೇಲೆ ನನ್ನನ್ನು ನೋಡಿದಳು. ನರ್ಸ್ ಆಚೆ ಹೋಗುವವರೆಗೆ ಕಾದು, ನನ್ನ ಕೈ ಹಿಡಿದುಕೊಂಡಳು.

"ಬೇಜಾರ್ ಮಾಡ್ಕೋಬೇಡಿ ಅತ್ತಿಗೆ. ನಿಮಗಂತೂ ಇನ್ನು ಅದು ಬೇಕಾಗಲ್ಲ. ಸುಮ್ನೆ ವ್ಯರ್ಥ ಆಗೋ ಬದಲು ನಮ್ಮಲ್ಲೇ ಇರ್ಲಿ ಅಂತ."

ಅತ್ತೆಯವರು ಮಂಚದ ಆ ಬದಿಯಲ್ಲಿದ್ದರು. ಹಾಸಿಗೆಯ ಸುಕ್ಕು ತೆಗೆಯುತ್ತಿದ್ದರು. ಸುಕ್ಕೆಲ್ಲ ಹೋದ ಮೇಲೂ ತೆಗೆಯುತ್ತಲೇ ಇದ್ದರು.

ಹೆಸರು ತೆಗೆದುಕೊಂಡದ್ದಕ್ಕೆ ನಾನು ಸುಮ್ಮನಿರುತ್ತಿದ್ದೆನೇನೋ. ಅಣ್ಣ ಇಟ್ಟ ಹೆಸರು ಎಂದಿದ್ದರೆ ಆ ಮಗುವನ್ನು ಎತ್ತಿಕೊಂಡು ಕೂಡ ಓಡಾಡುತ್ತಿದ್ದೆ. ಆದರೆ ಅವಳು ಅವರನ್ನು ಆ ಹೆಸರಿನಿಂದ ಒರೆಸಿಹಾಕಿದಳು, ನಮ್ಮ ಮಗುವಿನ ಜೊತೆಗೆ. ಬಂದವರಿಗೆಲ್ಲ "ನಾನೇ ಹುಡುಕಿದ್ದು" ಎಂದಳು. ಅತ್ತೆಯವರು ಕೇಳಿಸಿಕೊಂಡು ಸುಮ್ಮನಿದ್ದರು. ನನಗೆ ಬೇಕಾಗಿದ್ದದ್ದು ಒಂದೇ. ಅದು ಯಾರ ಹೆಸರು ಎಂದು ಆ ಮನೆಯಲ್ಲಿ ಯಾರಾದರೂ ಬಾಯಿಬಿಟ್ಟು ಹೇಳಬೇಕಿತ್ತು. ಹೇಳುವವರೆಗೆ ಅವಳಿಗೆ ಆ ಹೆಸರಿನಿಂದ ಸುಖ ಸಿಗಬಾರದು.

ಮತ್ತೆ ಕೆಲಸಕ್ಕೆ ಹೋದೆ. ನಮ್ಮ ಕಚೇರಿ ಒಂದು ಕನ್ನಡಕದ ಅಂಗಡಿಯ ಮೇಲೆ. ಉದ್ದ ಮೇಜು, ಅಲ್ಲಾಡುವ ಫ್ಯಾನು, ಯಾರೋ ತಂದು ಯಾರೂ ನೀರು ಹಾಕದ ಒಂದು ಗಿಡ. ಯಜಮಾನರಿಗೆ ನಾವು ಬೆನ್ನ ಹಿಂದೆ ಬಾಣದ ಸಾಹೇಬರು ಎನ್ನುತ್ತಿದ್ದೆವು. ಪ್ರತಿ ಹೆಸರಿನ ಎದುರೂ ಒಂದು ಬಾಣ ಇರಬೇಕು ಎನ್ನುವುದು ಅವರ ಹಟ. ಜನಪ್ರಿಯತೆ ಏರುತ್ತಿದ್ದರೆ ಹಸಿರು, ಮೇಲ್ಮುಖ. ಇಳಿಯುತ್ತಿದ್ದರೆ ಬೂದು, ಕೆಳಮುಖ.

ನಾನು ಹೊಸದಾಗಿ ಸೇರಿದಾಗ ಕೇಳಿದ್ದೆ: "ಸರ್, ಏರಿದೆಯೋ ಇಳಿದಿದೆಯೋ ಅಂತ ಗೊತ್ತಾಗೋದು ಹೇಗೆ?"

"ಎಷ್ಟು ಜನ ಆ ಪುಟ ನೋಡ್ತಾರೋ ಅದರ ಮೇಲೆ."

"ಯಾರೂ ನೋಡದ ಹೆಸರಿಗೆ?"

"ನಿಮಗೆ ಏನು ಅನ್ಸುತ್ತೋ ಅದು ಹಾಕಿ. ಹಸಿರು ಹಾಕಿದ್ರೆ ನೋಡ್ತಾರೆ. ನೋಡಿದ್ರೆ ನೀವು ಹಾಕಿದ್ದು ಸುಳ್ಳಾಗಲ್ಲ."

ಅವರು ತಮಾಷೆಗೆ ಹೇಳಿರಲಿಲ್ಲ. ಅಲ್ಲಿ ಎಲ್ಲರೂ ಹಾಗೆಯೇ ಕೆಲಸ ಮಾಡುತ್ತಿದ್ದರು. ಜನಪ್ರಿಯತೆಯನ್ನು ಅಳೆಯುತ್ತೇವೆ ಎಂದುಕೊಂಡೇ ಬಿತ್ತುತ್ತಿದ್ದರು.

ಮೊದಲು ನನ್ನ ಕೈ ಅರ್ಥದ ಕಡೆಗೇ ಹೋಯಿತು. ಗುಲ್ನಾರ್ ಪುಟ ತೆರೆದು "ಕಾಯಿ ಕಟ್ಟದ ಗಿಡದ ಹೂವು" ಎಂದು ಟೈಪ್ ಮಾಡಿದೆ. ಅವಳು ಓದುತ್ತಾಳೆ, ಅವಳ ಓರಗಿತ್ತಿಯರು ಓದುತ್ತಾರೆ. ಮಧ್ಯಾಹ್ನವೆಲ್ಲ ಆ ಸಾಲು ಕಂಪ್ಯೂಟರಿನಲ್ಲಿ ಹಾಗೆಯೇ ಇತ್ತು. ಸಂಜೆ ಅಳಿಸಿದೆ. ಅದು ಅವಳಿಗೆ ತಾಗುವ ಮೊದಲು ನನಗೇ ತಾಗುತ್ತಿತ್ತು. ಅಲ್ಲದೆ, ಅಂಥ ಅರ್ಥ ಓದಿ ಬೇರೆ ಯಾರೂ ಆ ಹೆಸರು ಇಡುವುದಿಲ್ಲ. ಆಗ ಊರಿಗೆಲ್ಲ ಇರುವುದು ಅದೊಂದೇ ಆಗುತ್ತದೆ. ಅವಳಿಗೆ ಬೇಕಾದದ್ದೂ ಅದೇ.

ಹಸಿರು ಪರದೆಯ ಬಟ್ಟೆ ನೆನಪಾಯಿತು.

ದಾಳಿಂಬೆಯ ಹೂವು ಎಂದಷ್ಟೇ ಬರೆದು ಹಸಿರು ಬಾಣ ಹಾಕಿದೆ.

ಆಮೇಲೆ ಅವಸರ ಮಾಡಲಿಲ್ಲ. ಹೂವಿನ ಹೆಸರುಗಳ ಪುಟದಲ್ಲಿ ಅದನ್ನು ಮೇಲಕ್ಕೆ ತಂದೆ. ಅಜ್ಜಿಯರ ನಾಲಿಗೆಗೆ ಸುಲಭವಾದ ಹೆಸರುಗಳ ಪುಟದಲ್ಲಿ ಸೇರಿಸಿದೆ. ಅವಳಿ ಹೆಣ್ಣುಮಕ್ಕಳಿಗೆ ಎಂಬ ಪುಟದಲ್ಲಿ ಅದಕ್ಕೊಂದು ಜೊತೆ ಹುಡುಕಿದೆ. ಹೆಸರು ಸೂಚಿಸಿ ಎಂದು ಅಪ್ಪ ಅಮ್ಮಂದಿರು ಬರೆಯುತ್ತಾರೆ. ಅವರಿಗೆ ಉತ್ತರಿಸುವ ಕೆಲಸ ಯಾರಿಗೂ ಬೇಡವಾಗಿತ್ತು. ನಾನು ತೆಗೆದುಕೊಂಡೆ. ನೀವು ಹೇಳಿದ ಗುಣಗಳೆಲ್ಲ ಇರುವ ಒಂದು ಹೆಸರಿದೆ, ಮಹಡಿಯಿಂದ ಕೂಗಿದರೆ ಕೆಳಗೆ ಕೇಳಿಸುತ್ತದೆ ಎಂದು ಪ್ರತಿಯೊಬ್ಬರಿಗೂ ಬರೆದೆ. ಅದರಲ್ಲಿ ಒಂದೂ ಸುಳ್ಳಲ್ಲ.

ವರ್ಷದ ಕೊನೆಗೆ ಒಂದು ಸೋಪಿನ ಕಂಪನಿಯ ಖರ್ಚಿನಲ್ಲಿ ನಾವು ಕ್ಯಾಲೆಂಡರ್ ಮಾಡುತ್ತೇವೆ. ತಿಂಗಳಿಗೊಂದು ಹೆಸರು, ದೊಡ್ಡ ಚಿತ್ರ, ಕೆಳಗೆ ಅರ್ಥ. ಹೆರಿಗೆ ಆಸ್ಪತ್ರೆಗಳ, ಸ್ಕ್ಯಾನಿಂಗ್ ಕೇಂದ್ರಗಳ ಗೋಡೆಗಳಲ್ಲೆಲ್ಲ ಅದೇ. ಹೊಟ್ಟೆ ಹೊತ್ತು ಕೂತವರಿಗೆ ಬೇರೆ ನೋಡಲು ಏನೂ ಇರುವುದಿಲ್ಲ. ಮೊದಲ ತಿಂಗಳಿಗೆ ನಾನು ಗುಲ್ನಾರ್ ಕೊಟ್ಟೆ, ಮುಂದಿನ ವರ್ಷಗಳಲ್ಲೂ.

ಕ್ಯಾಲೆಂಡರಿನ ಚಿತ್ರ ಜೋಡಿಸುವವಳು ನನಗಿಂತ ಚಿಕ್ಕವಳು, ಬಾಯಿಗೆ ಬೀಗವಿಲ್ಲದವಳು. "ಏನಕ್ಕ, ಈ ಗುಲ್ನಾರ್ ನಿಮಗೆ ಸ್ವೀಟ್ ಗೀಟ್ ಕೊಡಿಸ್ತಾಳಾ? ಎಲ್ಲಾ ಪುಟದಲ್ಲೂ ಅವಳೇ ಕೂತಿದಾಳೆ," ಎಂದಳು.

"ಒಳ್ಳೆ ಹೆಸರು."

"ಒಳ್ಳೇದು ಸರಿ. ನಿಮ್ಮ ಮುಖ ನೋಡಿದ್ರೆ ಸಾಲ ವಸೂಲಿಗೆ ಹೊರಟ ಹಾಗಿದೆ." ಅಷ್ಟು ಹೇಳಿ, ಕೆಂಪು ಹೂವಿನ ಒಂದು ಫೋಟೊ ಹುಡುಕಿ ಕೊಟ್ಟಳು. ಅವಳ ಕಣ್ಣಿಗೆ ಬಣ್ಣ ಚೆನ್ನಾಗಿ ಕಾಣಿಸುತ್ತದೆ.

ಹೆಸರು ಮೊದಲು ಕೇಳಿಸಿದ್ದು ಔಷಧಿ ಅಂಗಡಿಯಲ್ಲಿ. ಮಗುವಿನ ಜ್ವರಕ್ಕೆ ಸಿರಪ್ ಕೇಳುತ್ತಿದ್ದ ಒಬ್ಬ ಹೊಸ ತಂದೆ ಹೆಸರು ಹೇಳಿ, ಅಂಗಡಿಯವನಿಗೆ ಅರ್ಥವನ್ನೂ ವಿವರಿಸಿದ. ನಾನು ಬರೆದ ಮಾತುಗಳಲ್ಲೇ ವಿವರಿಸಿದ. ಆಮೇಲೆ ಬೇಕರಿಯವನ ಮೊಮ್ಮಗಳು. ಆಮೇಲೆ ಬಸ್ಸಿನಲ್ಲಿ ನನ್ನ ಮುಂದಿನ ಸೀಟು. ನಮ್ಮ ಕಟ್ಟಡದ ಮೆಟ್ಟಿಲ ಕೆಳಗಿನ ಬೆಕ್ಕಿಗೂ ಯಾರೋ ಗುಲ್ನಾರ್ ಎಂದು ಇಟ್ಟರು. ಅದು ಕರೆದರೆ ಬರುತ್ತಿರಲಿಲ್ಲ, ಬೆಕ್ಕು ತಾನೇ. ಸಂಜೆ ಹೊತ್ತು ಕಿಟಕಿಗಳಿಂದ ತಾಯಂದಿರು ಕೂಗುವುದು ಕೇಳಿಸತೊಡಗಿತು. ತಳಕ್ಕೆ ಹೋಗಿ ಕೂರುತ್ತಿತ್ತು, ವಾಪಸ್ ಬರುತ್ತಿತ್ತು. ಅವರು ಹೇಳಿದ್ದು ಸರಿ.

ನಾದಿನಿ ಒಂದೆರಡು ಸಲ ಫೋನ್ ಮಾಡಿದಳು. "ಅತ್ತಿಗೆ, ನಿಮ್ಮ ಆಫೀಸಲ್ಲಿ ಹೇಳಿ ಆ ಹೆಸರು ತೆಗೆಸೋಕಾಗಲ್ವಾ?"

"ನಾನು ಬರೆಯೋಳು ಅಷ್ಟೇ. ಜನಕ್ಕೆ ಇಷ್ಟವಾದ್ರೆ ನಾವೇನು ಮಾಡೋಣ?"

"ಜನಕ್ಕೇನು, ಕುರಿ ಮಂದೆ."

"ಹೌದು," ಎಂದೆ.

ಅವಳ ಮಗಳು ಶಿಶುವಿಹಾರಕ್ಕೆ ಸೇರಿದಳು. ಮೊನ್ನೆ ಶನಿವಾರ ನಾದಿನಿಗೆ ಸ್ಕೂಟರ್ ಕೈಕೊಟ್ಟಿತ್ತು. ಮಗುವನ್ನು ಕರೆತರಲು ನನ್ನನ್ನೂ ಹೊರಡಿಸಿದಳು. ಗೇಟಿನ ಹತ್ತಿರ ಪುಟ್ಟ ಪುಟ್ಟ ಚಪ್ಪಲಿಗಳ ಗುಡ್ಡೆ. ಒಳಗಿಂದ ಸೀಮೆಸುಣ್ಣ, ಹಾಲು, ಒದ್ದೆ ಚಡ್ಡಿ ಎಲ್ಲ ಬೆರೆತ ವಾಸನೆ. ಬಾಗಿಲಲ್ಲಿ ನಿಂತ ಮಿಸ್ ನಮ್ಮನ್ನು ನೋಡಿ ಒಳಕ್ಕೆ ತಿರುಗಿ ಕೂಗಿದರು:

"ಗುಲ್ನಾರ್! ಅಮ್ಮ ಬಂದ್ರು!"

ಮೂಲೆಯಿಂದ ಒಬ್ಬಳು ಎದ್ದಳು. ಜಾರುಬಂಡೆಯ ಮೇಲಿಂದ ಒಬ್ಬಳು ಇಳಿದಳು. ಇನ್ನೊಬ್ಬಳು ಬಾಯಲ್ಲಿದ್ದ ಬಿಸ್ಕತ್ತು ತೆಗೆಯದೆ ಓಡಿಬಂದಳು. ನಡೆಯಲು ಸರಿಯಾಗಿ ಬರದ ಒಂದು ಪುಟಾಣಿ ಅವರ ಹಿಂದೆ ತೂರಾಡುತ್ತ ಬಂದು, ನಾದಿನಿಯ ಮಂಡಿ ಹಿಡಿದುಕೊಂಡಿತು.

"ಅಯ್ಯೋ, ನೀವಲ್ಲ, ನೀವಲ್ಲ," ಎಂದು ಮಿಸ್ ನಕ್ಕರು. "ಕನ್ನಡಕ ಗುಲ್ನಾರ್, ನೀನು ಒಳಗೆ ಹೋಗು. ಗುಂಗುರು ಗುಲ್ನಾರ್, ನಿಮ್ಮಪ್ಪ ಬರೋದು ಲೇಟು. ಸುಂಬಳ ಗುಲ್ನಾರ್ ಎಲ್ಲಮ್ಮ? ಸುಂಬಳ ಗುಲ್ನಾರ್ ಅಮ್ಮ ಬಂದಿದಾರೆ!"

ನಾದಿನಿಯ ಮಗಳು ಮೂಗನ್ನು ತೋಳಿಗೆ ಒರೆಸುತ್ತ ಬಂದಳು.

ನಾದಿನಿ ಮಗಳ ಕೈ ಹಿಡಿದು ಮುಂದೆ ಮುಂದೆ ನಡೆದಳು. ನಾನು ಮಗುವಿನ ಚೀಲ ಹಿಡಿದುಕೊಂಡು ನಡೆದೆ. ಎಷ್ಟೋ ತಿಂಗಳ ಮೇಲೆ ಹಸಿವಾದಂತೆ ಅನಿಸಿತು.

ಅತ್ತೆಯವರ ಮನೆಯಲ್ಲಿ ಪಕ್ಕದ ಮನೆಯಾಕೆ ಕೂತಿದ್ದರು. ತೊಡೆಯ ಮೇಲೆ ಸುತ್ತಿದ ಮಗು, ಅವರ ಮೊಮ್ಮಗಳು. ತೋರಿಸಲು ತಂದಿದ್ದರು. ನಾದಿನಿ ಬಗ್ಗಿ ನೋಡಿ, ನಗು ತಂದುಕೊಂಡು, ಏನು ಹೆಸರು ಎಂದು ಕೇಳಿದಳು. ಕೇಳಬಾರದಿತ್ತು.

"ನಿಮ್ಮ ಮಗಳದ್ದೇ!" ಎಂದರು ಆಕೆ, ಖುಷಿಯಿಂದ. "ಸ್ಕ್ಯಾನಿಂಗಿಗೆ ಹೋದಾಗ ಕ್ಯಾಲೆಂಡರಲ್ಲಿ ನೋಡಿದ್ಲಂತೆ ನಮ್ಮ ಸೊಸೆ. ನೀವೂ ಅದನ್ನ ನೋಡಿಯೇ ಇಟ್ಟಿದ್ದಾ?"

"ಕ್ಯಾಲೆಂಡರಾ!" ನಾದಿನಿಯ ಕತ್ತು ಕೆಂಪಾಯಿತು. "ನಮ್ಮದು ನಿಮ್ಮ ಕ್ಯಾಲೆಂಡರಿಗಿಂತ ಮುಂಚಿನದು. ನಮ್ಮದಕ್ಕೂ ಬೀದಿಯೋರದಕ್ಕೂ ಹೋಲಿಸ್ಬೇಡಿ. ಅದು ನಮ್ಮಣ್ಣ ಆರಿಸಿದ್ದು."

ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟೆ.

ಪಕ್ಕದ ಮನೆಯಾಕೆ "ಹೌದಾ!" ಎಂದು ಹುಬ್ಬೇರಿಸಿದರು. ಆ ಹುಬ್ಬು ನಾದಿನಿಗೆ ರುಚಿಸಿತು. ಮೂರು ವರ್ಷ ಬಾಯಿಂದ ಬಾರದ ಮಾತು ಈಗ ಸಲೀಸಾಗಿ ಹರಿಯಿತು.

"ಹೋಗೋ ಮುಂಚೆ ನನ್ನ ಮಗಳಿಗೆ ಅಂತಲೇ ಆರಿಸಿಟ್ಟು ಹೋದ. ಹುಟ್ಟೋಕೆ ಮುಂಚೇನೇ. ಅಂಥ ಪ್ರೀತಿ ಅವನಿಗೆ ನನ್ನ ಮೇಲೆ."

"ಯಾರ ಮಗಳಿಗೆ?" ಎಂದೆ.

ಅವಳು ನನ್ನ ಕಡೆ ತಿರುಗಿದಳು. ನಾನು ಅಲ್ಲಿರುವುದನ್ನು ಮರೆತಿದ್ದಳೆಂದು ಕಾಣುತ್ತದೆ. "ಅತ್ತಿಗೆ, ಈಗ ಅದೆಲ್ಲ ಯಾಕೆ..."

"ಯಾರ ಮಗಳಿಗೆ ಆರಿಸಿದ್ದು? ಹೇಳು."

"ಹುಟ್ಟದೇ ಇರೋದಕ್ಕೆ ಹೆಸರು ಇಡ್ತಾರಾ ಯಾರಾದ್ರೂ?"

ಪಕ್ಕದ ಮನೆಯಾಕೆ ಮೊಮ್ಮಗಳನ್ನು ಎದೆಗೆ ಒತ್ತಿಕೊಂಡರು. ಅತ್ತೆಯವರು ಟೀ ಲೋಟಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದರು. ಸೇರಿಸಿ ಆದ ಮೇಲೆ ಮತ್ತೆ ಬಿಡಿಸಿದರು. ಇದೂ ಆ ಹಾಸಿಗೆಯ ಸುಕ್ಕಿನಂತೆಯೇ ಎಂದುಕೊಂಡೆ.

"ಇಟ್ಟಿದ್ದ," ಎಂದರು ಅತ್ತೆಯವರು.

"ಏನಮ್ಮ?"

"ಇದೇ ಮನೇಲಿ ಊಟಕ್ಕೆ ಕೂತಾಗ ಹೇಳಿದ. ಇವಳ ಹೊಟ್ಟೆ ಕಡೆ ಕೈ ತೋರಿಸಿ ಹೇಳಿದ, ನಮ್ಮ ಗುಲ್ನಾರ್ ಅಂತ. ನೀನು ಕೆಮ್ಮಿನ ಔಷಧಿ ಅಂದೆ. ನಾನೂ ನಕ್ಕೆ."

"ಅಮ್ಮಾ! ಹೊರಗಿನೋರ ಮುಂದೆ..."

"ಹೊರಗಿನೋರ ಮುಂದೆ ಎಷ್ಟು ಸಲ ಸುಳ್ಳು ಹೇಳ್ದೆ ನೀನು. ನಾನು ಕೂತು ಕೇಳ್ದೆ. ಮಗ ಹೋದ, ಮಗಳಾದ್ರೂ ನಗ್ತಾ ಇರ್ಲಿ ಅಂತ ಕೇಳ್ದೆ." ಲೋಟಗಳನ್ನು ಎತ್ತಿಕೊಂಡು ಅತ್ತೆಯವರು ಅಡುಗೆಮನೆಗೆ ಹೋದರು. ನಲ್ಲಿ ತಿರುಗಿಸಿದ ಸದ್ದು ಬಂತು. ನೀರು ಬಹಳ ಹೊತ್ತು ಸುರಿಯಿತು.

ಪಕ್ಕದ ಮನೆಯಾಕೆ, ಮಗುವಿಗೆ ಹಾಲಿನ ಹೊತ್ತಾಯಿತು ಎಂದು ಎದ್ದರು. ಚಪ್ಪಲಿ ಅದಲುಬದಲು ಮೆಟ್ಟಿಕೊಂಡು ಹೋದರು. ಸಂಜೆಯೊಳಗೆ ಈ ಮಾತು ಬೀದಿಯ ಆ ತುದಿ ಮುಟ್ಟುತ್ತದೆ ಎನ್ನುವುದು ನಮಗಿಬ್ಬರಿಗೂ ಗೊತ್ತಿತ್ತು.

ನಾದಿನಿ ಅತ್ತಳು. ನಾನು ನೋಡಿದೆ. ಕಣ್ಣೊರೆಸಿಕೊಂಡ ಮೇಲೆ ಅವಳು ಕ್ಷಮೆ ಕೇಳಲಿಲ್ಲ. ಕೇಳಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

"ಇಟ್ಕೊಳ್ಳಿ ನಿಮ್ಮ ಹೆಸರು," ಎಂದಳು. "ಕಂಡಕಂಡ ಬೆಕ್ಕಿಗೆಲ್ಲ ಅದೇ ಹೆಸರು. ನನಗೂ ಸಾಕಾಗಿದೆ. ನೀವು ಓದಿದೋರಲ್ವಾ, ಬೇರೆ ಒಂದು ಕೊಡಿ. ಯಾರಿಗೂ ಇರಬಾರದು."

ಅವಳು ನಿಜವಾಗಿಯೂ ಕೇಳುತ್ತಿದ್ದಾಳೆ ಎಂದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

"ಸೆಪಿದೆ," ಎಂದೆ.

"ಅಂದ್ರೆ?"

"ಬೆಳಗಾಗೋಕೆ ಮುಂಚೆ ಆಕಾಶದಲ್ಲಿ ಕಾಣೋ ಮೊದಲ ಬಿಳುಪು."

ಅವಳು ಅದನ್ನು ಬಾಯೊಳಗೇ ಎರಡು ಸಲ ಹೇಳಿಕೊಂಡಳು, ಬಟ್ಟೆಯನ್ನು ಬೆರಳಲ್ಲಿ ತಿಕ್ಕಿ ನೋಡುವಂತೆ. "ಯಾರಿಗಾದ್ರೂ ಇದೆಯಾ?"

"ನಾನು ಕಂಡ ಹಾಗೆ ಈ ಊರಲ್ಲಿ ಇವತ್ತಿಗೆ ಯಾರಿಗೂ ಇಲ್ಲ."

"ಪುಟ್ಟಿ, ಬಾ ಇಲ್ಲಿ," ಎಂದು ಮಗಳನ್ನು ಎಳೆದುಕೊಂಡಳು. "ನಾಳೆಯಿಂದ ನಿನ್ನ ಹೆಸರು ಸೆಪಿದೆ. ಹೇಳು ನೋಡೋಣ."

ಮಗು ಮೂಗೆಳೆದುಕೊಂಡಿತು. ನನ್ನ ಗಂಡ ಲಿಫ್ಟಿನ ಹಗ್ಗದ ಸದ್ದು ಕೇಳುವಾಗ ಮಾಡುತ್ತಿದ್ದಂತೆ ತಲೆಯನ್ನು ಒಂದು ಬದಿಗೆ ವಾಲಿಸಿ, ಅಮ್ಮನ ಬಾಯನ್ನೇ ನೋಡಿತು.

"ಬೇಡ. ನಾನು ಸುಂಬಳ ಗುಲ್ನಾರ್," ಎಂದಿತು, ಬಹಳ ಹೆಮ್ಮೆಯಿಂದ.

"ಅಭ್ಯಾಸ ಆಗುತ್ತೆ ಬಿಡಿ," ಎಂದಳು ನಾದಿನಿ ನನಗೆ.

ಮನೆಗೆ ನಡೆದುಕೊಂಡೇ ಬಂದೆ. ದೀಪ ಹಚ್ಚುವ ಹೊತ್ತು. ಮೇಲಿನ ಯಾವುದೋ ಕಿಟಕಿಯಿಂದ ಯಾರೋ ಕೂಗಿದರು, ಕೆಳಗೆ ಯಾವುದೋ ಮಗು ಓಗೊಟ್ಟಿತು. ನಮ್ಮ ಹೆಸರು ಅದು. ಅವರ ಬಾಯಿಂದ ಒಂದೇ ಒಂದು ಬಾವಿಗೆ ಬಿದ್ದದ್ದು ಈಗ ಇಡೀ ಬೀದಿಯಲ್ಲಿದೆ. ಅಷ್ಟು ಸಾಕು ಎಂದುಕೊಳ್ಳಬಹುದಿತ್ತು. ಮೆಟ್ಟಿಲ ಕೆಳಗಿನ ಬೆಕ್ಕನ್ನು ದಾಟಿ, ಬೀಗ ತೆಗೆದು, ಕೈಕಾಲು ತೊಳೆದು, ಹೊಟ್ಟೆ ತುಂಬ ಉಂಡೆ. ನಾದಿನಿ ಹೇಳಿದ್ದು ಮಾತ್ರ ಕಿವಿಯಲ್ಲಿತ್ತು. ಹುಟ್ಟದೇ ಇರೋದಕ್ಕೆ ಹೆಸರು ಇಡ್ತಾರಾ.

ಸೋಮವಾರ ಮುಂದಿನ ವರ್ಷದ ಕ್ಯಾಲೆಂಡರಿನ ಕೆಲಸ ಶುರುವಾಯಿತು. ಚಿತ್ರ ಜೋಡಿಸುವವಳು ಖಾಲಿ ಪುಟ ತೆರೆದುಕೊಂಡು ಕೂತಿದ್ದಳು.

"ಮೊದಲ ತಿಂಗಳಿಗೆ ಯಾರಕ್ಕ? ಗುಲ್ನಾರ್ ಅಂತ ಮಾತ್ರ ಹೇಳ್ಬೇಡಿ, ದಮ್ಮಯ್ಯ."

"ಅವಳ ಕೆಲಸ ಮುಗೀತು. ಸೆಪಿದೆ ಅಂತ ಬರಿ. ಬೆಳಗಿನ ಜಾವದ ಆಕಾಶದ ಚಿತ್ರ ಹುಡುಕು. ತುಂಬ ಚೆನ್ನಾಗಿರಬೇಕು. ನೋಡಿದೋರು ಬಿಡಬಾರದು."

"ಇದ್ಯಾರು, ಹೊಸಬಳು?"

"ನನ್ನ ನಾದಿನಿ ಮಗಳು," ಎಂದೆ.

"ಅಬ್ಬಾ! ಅಂತೂ ನಿಮಗೂ ಮನೆಯವರ ಮೇಲೆ ಅಕ್ಕರೆ ಇದೆ," ಎಂದಳು.

ಈ ಹೆಸರನ್ನು ಯಾರೂ ಯಾವ ಬಾವಿಯಲ್ಲೂ ಕೂಗಿ ನೋಡಿಲ್ಲ. ಕೇಳಿಸುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಪುಟ ತೆರೆದೆ. ಎದುರಿಗೆ ಬೂದು ಬಾಣವಿತ್ತು. ಮೇಲಕ್ಕೆ ತಿರುಗಿಸಿ ಹಸಿರು ಮಾಡಿದೆ.